ಅಣಬೆ ಬುಟ್ಟಿ ಹಿಡಿದು ಮಾಕಳಿದುರ್ಗಕ್ಕೆ

ಭಾನುವಾರ ಬೆಳಿಗ್ಗೆ ಅಲ್ಲಾಳಸಂದ್ರದ ನಮ್ಮ ಮನೆ ಬಿಟ್ಟಾಗ ಜಿನುಗು ಮಳೆ. ನನ್ನ ಕೈಯಲ್ಲಿ ಚಿತ್ರಾನ್ನದ ಡಬ್ಬಿ, ಯಾನಾಳ ಕೈಯಲ್ಲಿ ಬೆತ್ತದ ಬುಟ್ಟಿ, ಅವಳ ಗಂಡ ಪೆತ್ರ್‌ನ ಬೆನ್ನಿಗೊಂದು ಚೀಲ, ಮಗಳು ಲೆಂಕಾಳ ಕಾಲಿಗೆ ಮೊಣಕಾಲುದ್ದದ ರಬ್ಬರ್ ಬೂಟು. ಗೇಟಿನ ಹತ್ತಿರ ನಿಂತಿದ್ದ ನಮ್ಮ ಯಜಮಾನರು, "ಅಣಬೆಗೋಸ್ಕರ ರೈಲು ಹತ್ತೋರ್ನ ಇವತ್ತೇ ನೋಡಿದ್ದು ಕಣೇ. ಮೂಲೆ ಅಂಗಡೀಲಿ ಪ್ಯಾಕೆಟ್ಟಲ್ಲಿ ಸಿಗಲ್ವಾ?" ಎಂದರು. ಪ್ಯಾಕೆಟ್ಟಿನದನ್ನೂ ಅಣಬೆ ಎನ್ನುವವರ ಜೊತೆ ನಾನು ವಾದ ಮಾಡುವುದಿಲ್ಲ. ಸುಮ್ಮನೆ ಆಟೋ ಹತ್ತಿದೆ.

ಯಾನಾ, ಪೆತ್ರ್ ನಮ್ಮ ಮೇಲಿನ ಮನೆಯ ಬಾಡಿಗೆದಾರರು. ಚೆಕ್ ದೇಶ ಬಿಟ್ಟು ಇಲ್ಲಿಗೆ ಬಂದು ಎರಡು ವರ್ಷವಾಯಿತು. ಪೆತ್ರ್ ವಿಮಾನದ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಎಂಜಿನಿಯರ್. ನನ್ನ ನಾಲಿಗೆಗೆ ಅವನು ಪೀಟರಪ್ಪ. ಶನಿವಾರ, ಭಾನುವಾರ ಬಂತೆಂದರೆ ಈ ಮನೆಯವರಿಗೆ ಸೂರಿನ ಕೆಳಗೆ ಇರಲಾಗುವುದಿಲ್ಲ. ನಮ್ಮ ಕೆರೆ ಏರಿ ಸುತ್ತಿ ಮುಗಿಸಿದರು, ಜಕ್ಕೂರು ಕೆರೆ ಮುಗಿಸಿದರು, ನಂದಿಬೆಟ್ಟವನ್ನು ಮೆಟ್ಟಿಲ ಹಾದಿಯಲ್ಲೇ ಹತ್ತಿ ಇಳಿದರು. ಮಳೆ ಬಂದರೆ ನಾವು ಒಣಹಾಕಿದ ಬಟ್ಟೆ ಒಳಗೆ ತರಲು ಓಡುತ್ತೇವೆ. ಇವರು ಬೂಟು ಹಾಕಿಕೊಂಡು ಹೊರಗೆ ಓಡುತ್ತಾರೆ. ಸಂಜೆ ಮೈಯೆಲ್ಲ ಕೆಸರಾಗಿ ಬಂದು, ನನ್ನ ಮೆಟ್ಟಿಲ ಮೇಲೆ ಸಾಲಾಗಿ ಕೂತು ಬೂಟು ತೊಳೆಯುತ್ತಾರೆ. ಮೊದಮೊದಲು ನನಗೆ ಮೈ ಉರಿಯುತ್ತಿತ್ತು. ಆಮೇಲೆ ಅಲ್ಲಿಗೊಂದು ನಲ್ಲಿ ನಾನೇ ಹಾಕಿಸಿಕೊಟ್ಟೆ.

ಇನ್ನೂ ಮೂರು ವರ್ಷ ಇಲ್ಲೇ ಇರುತ್ತೀರಾ ಎಂದು ಕಂಪನಿಯವರು ಪೆತ್ರ್‌ನನ್ನು ಕೇಳಿದ್ದರು. ಸೋಮವಾರ ಉತ್ತರ ಕೊಡಬೇಕಿತ್ತು. ಅವನಿಗೆ ಇಲ್ಲೇ ಇರುವ ಆಸೆ, ಯಾನಾಳಿಗೆ ಮನಸ್ಸಿಲ್ಲ. ಶುಕ್ರವಾರ ತಾರಸಿಯ ಮೇಲೆ ನನಗೆ ಹೇಳಿದಳು: "ಆಂಟಿ, ನಡೆಯೋಕೆ ಜಾಗ ಇದೆ. ಆದ್ರೆ ಬರೀ ನೋಡ್ತೀವಿ, ವಾಪಸ್ ಬರ್ತೀವಿ. ನಮ್ಮೂರಲ್ಲಿ ಕಾಡಿಗೆ ಹೋದ್ರೆ ಬುಟ್ಟಿ ತುಂಬಾ ಅಣಬೆ ತರ್ತೀವಿ. ಇಲ್ಲಿ ನಾವು ನೆಂಟರು, ಅಷ್ಟೇ."

ಲೆಂಕಾ ನನ್ನನ್ನು ಅಜ್ಜಿ ಎಂದು ಕರೆಯುತ್ತಾಳೆ. ಶಾಲೆಯಿಂದ ಬಂದವಳು ಮೊದಲು ನುಗ್ಗುವುದು ನನ್ನ ಅಡುಗೆಮನೆಗೆ. ಅವಳು ಹೊರಟುಹೋದರೆ ಮನೆ ಬಿಕೋ ಎನ್ನುತ್ತದೆ. ಹಾಗೆಂದು 'ಹೋಗಬೇಡಿ' ಎಂದು ಬಾಡಿಗೆದಾರರ ಮುಂದೆ ಗೋಗರೆಯುವ ಪೈಕಿಯೂ ನಾನಲ್ಲ. "ಬುಟ್ಟಿ ತಾನೇ? ನನ್ನ ತವರಿಗೆ ಬಾ, ತುಂಬಿಸಿ ಕೊಡ್ತೀನಿ," ಎಂದುಬಿಟ್ಟೆ. ಹಿಂದಿನ ವಾರವೆಲ್ಲ ಗುಡುಗು ಮಳೆ ಆಗಿತ್ತು. ಗುಡುಗಿದ ಮೇಲೆ ಹುತ್ತದ ಅಣಬೆ ಏಳದೆ ಎಲ್ಲಿಗೆ ಹೋಗುತ್ತದೆ?

ಯಲಹಂಕದಿಂದ ಮಾಕಳಿದುರ್ಗಕ್ಕೆ ಪ್ಯಾಸೆಂಜರ್ ರೈಲಿನಲ್ಲಿ ತಲೆಗೆ ಹತ್ತು ರೂಪಾಯಿ. ಸ್ಟೇಷನ್ನಿಗೆ ಬರಲು ಆಟೋದವನು ತೆಗೆದುಕೊಂಡದ್ದು ಅದರ ಹತ್ತು ಪಟ್ಟು. ರಾಜಾನುಕುಂಟೆ ದಾಟುವ ಹೊತ್ತಿಗೆ ಚಿತ್ರಾನ್ನ ಖಾಲಿಯಾಯಿತು, ಯಾನಾ ತಂದಿದ್ದ ಬ್ರೆಡ್ಡು, ಬೇಯಿಸಿದ ಮೊಟ್ಟೆ, ಉಪ್ಪಿನಲ್ಲಿ ಹಾಕಿದ ಸೌತೆಕಾಯಿಯೂ ಖಾಲಿಯಾದವು. ಎದುರು ಸೀಟಿನ ಹೆಂಗಸು ಬುಟ್ಟಿಯನ್ನೇ ನೋಡುತ್ತಿದ್ದರು.

"ಏನಮ್ಮ, ಏನ್ ಮಾರಕ್ಕೆ ಹೋಗ್ತಿದೀಯ?" ಎಂದು ಯಾನಾಳನ್ನು ಕೇಳಿದರು.

"ಮಾರೋಕಲ್ಲ, ತರೋಕೆ," ಎಂದಳು ಯಾನಾ. ಆ ಹೆಂಗಸಿಗೆ ಅವಳ ಕನ್ನಡ ಕೇಳಿ ಎಷ್ಟು ಖುಷಿಯಾಯಿತೆಂದರೆ, ಇಳಿಯುವಾಗ ಒಂದು ಹಿಡಿ ಕಡಲೆಕಾಯಿ ಬುಟ್ಟಿಗೆ ಸುರಿದು ಹೋದರು.

ದೊಡ್ಡಬಳ್ಳಾಪುರ ದಾಟಿದ ಮೇಲೆ ಲೆಂಕಾಳಿಗೆ ನನ್ನ ಅಮ್ಮನ ಕಟ್ಟಳೆಗಳನ್ನು ಹೇಳಿಕೊಟ್ಟೆ. ಅಣಬೆ ಕಂಡ ತಕ್ಷಣ ಕೂಗಬಾರದು, ಕೂಗಿದರೆ ಮಣ್ಣಿನೊಳಗೆ ಇಳಿದುಬಿಡುತ್ತವೆ. ಬೆರಳು ತೋರಿಸಬಾರದು. ಕಬ್ಬಿಣ ಮುಟ್ಟಿಸಬಾರದು, ಮುಟ್ಟಿಸಿದರೆ ಮುಂದಿನ ವರ್ಷ ಅಲ್ಲಿ ಏಳುವುದಿಲ್ಲ. ಲೆಂಕಾ ಎಲ್ಲವನ್ನೂ ಅವರ ಭಾಷೆಯಲ್ಲಿ ಅಪ್ಪನಿಗೆ ಹೇಳಿದಳು. ಅವನು ನಕ್ಕ.

ಮಾಕಳಿದುರ್ಗದಲ್ಲಿ ಇಳಿದಾಗ ಬೆಟ್ಟದ ತಲೆ ಮೋಡದಲ್ಲಿ ಮುಚ್ಚಿತ್ತು. ಟ್ರೆಕ್ಕಿಂಗಿಗೆ ಬಂದ ಹುಡುಗರೆಲ್ಲ ಅತ್ತ ಹೋದರು, ನಾವು ಇತ್ತ ನನ್ನ ತವರಿನ ದಾರಿ ಹಿಡಿದೆವು. ಊರು ಎರಡು ಕಿಲೋಮೀಟರ್ ದೂರ. ಹಳ್ಳಿಯ ಹಾದಿಯಲ್ಲಿ ಎದುರಾದವರಿಗೆಲ್ಲ ನಮಸ್ಕಾರ ಹೇಳುವುದು ಚೆಕ್ ಜನರ ಪದ್ಧತಿಯಂತೆ. ಹಾಲಿನ ಕ್ಯಾನಿನವನಿಗೆ ನಮಸ್ಕಾರ, ಕುರಿ ಕಾಯುವವನಿಗೆ ನಮಸ್ಕಾರ, ಲೆಂಕಾಳಿಂದ ಕುರಿಗಳಿಗೂ ನಮಸ್ಕಾರ. ನಮ್ಮವರು ನಮಸ್ಕಾರ ಕೇಳಿ ಸುಮ್ಮನೆ ಮುಂದೆ ಹೋಗುವ ಜನವೇ? ಯಾರ ಮನೆಗೆ, ಎಷ್ಟು ಮಕ್ಕಳು, ನಿಮ್ಮ ಕಡೆ ಮಳೆ ಹೇಗೆ ಎಂದು ಎಲ್ಲರೂ ನಿಂತು ವಿಚಾರಿಸಿದರು. ಎರಡು ಕಿಲೋಮೀಟರ್ ನಡೆಯಲು ಒಂದು ಗಂಟೆಗೂ ಹೆಚ್ಚು ಹಿಡಿಯಿತು.

ತವರಿನಲ್ಲಿ ಅತ್ತಿಗೆ ಗೌರಮ್ಮ ಒಬ್ಬಳೇ ಇದ್ದಳು. ಅಣ್ಣ ಘಾಟಿ ದೇವಸ್ಥಾನಕ್ಕೆ ಹೋಗಿದ್ದ. ಕಾಫಿ ಕುಡಿದವಳೇ ಎಲ್ಲರನ್ನೂ ಕರೆದುಕೊಂಡು ಹೊಲದ ಬದುವಿಗೆ ಹೋದೆ. ಚಿಕ್ಕಂದಿನಲ್ಲಿ ಅಮ್ಮ ನನ್ನ ಕೈ ಹಿಡಿದು ತೋರಿಸಿದ್ದ ಹುತ್ತ ಇದ್ದದ್ದು ಅಲ್ಲೇ. ಈಗ ಅಲ್ಲಿ ಹಸಿರು ಪರದೆ ಕಟ್ಟಿ ಗುಲಾಬಿ ಬೆಳೆದಿದ್ದರು. ಹುತ್ತವೂ ಇಲ್ಲ, ಬದುವೂ ಇಲ್ಲ.

"ಏನತ್ತಿಗೆ, ಹೇಳೋದಲ್ವಾ?" ಎಂದೆ.

"ನೀನೆಲ್ಲಿ ಕೇಳ್ದೆ? ಪೋನಲ್ಲಿ ಇಂಗೆ ಬರ್ತಿದೀನಿ, ಮುದ್ದೆಗೆ ಇಡು ಅಂದೆ, ಇಟ್ಟಿವ್ನಿ," ಎಂದಳು ಅತ್ತಿಗೆ.

ನನ್ನ ಜಂಬವೆಲ್ಲ ಜರ್ರನೆ ಇಳಿದುಹೋಯಿತು. "ಪರವಾಗಿಲ್ಲ ಆಂಟಿ, ವಾಕಿಂಗ್ ಚೆನ್ನಾಗಿತ್ತು," ಎಂದಳು ಯಾನಾ. ನೆಂಟರು ಹೊರಡುವಾಗ ಆಡುವ ಮಾತು ಅದು. ಸೋಮವಾರದ ಉತ್ತರ ನನಗೆ ಅಲ್ಲೇ ಕೇಳಿಸಿದಂತಾಗಿ, ಕಣ್ಣು ತುಂಬಿ ಬಂತು. ಆದರೂ ಪರದೆಯ ಆಚೆಗಿನ ಬೇಲಿ, ಬಂಡೆ, ಹೊಂಗೆಮರದ ಬುಡ ಎಲ್ಲ ಹುಡುಕೋಣ ಎಂದು ಎಲ್ಲರನ್ನೂ ಚದುರಿಸಿದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ ಲಂಟಾನದ ಬೇಲಿಯೊಳಗೆ ನಾನೇ ನುಗ್ಗಿದೆ. ಮುಳ್ಳು ತರಚಿತೇ ಹೊರತು ಏನೂ ಸಿಗಲಿಲ್ಲ.

ಅಷ್ಟರಲ್ಲಿ ಬಂಡೆಯ ಕಡೆಯಿಂದ ಲೆಂಕಾ ಬಂದಳು. ಓಡುತ್ತಿರಲಿಲ್ಲ, ಎರಡೂ ಕೈ ಬಾಯಿಗೆ ಅಡ್ಡ ಇಟ್ಟುಕೊಂಡು, ಕಣ್ಣರಳಿಸಿಕೊಂಡು, ಕೆಸರಲ್ಲಿ ಬೂಟು ಸದ್ದಾಗದ ಹಾಗೆ ಹೆಜ್ಜೆ ಇಡುತ್ತಾ ಬಂದಳು. ಬಂದವಳು ನನ್ನ ಸೆರಗು ಎಳೆದಳು. ಅವಳ ಹಿಂದೆ ಹೋದೆ. ಹೊಂಗೆಮರದ ಆಚೆ, ಬಂಡೆಯ ಮಗ್ಗುಲಲ್ಲಿ ಇನ್ನೊಂದು ಹುತ್ತ. ಅದರ ಸುತ್ತ ಬೆಳ್ಳಗೆ, ನೆತ್ತಿ ಚೂಪಾಗಿ, ಕೆಲವು ಕೊಡೆ ಬಿಚ್ಚಿ, ಕೆಲವು ಇನ್ನೂ ಮೊಗ್ಗಾಗಿ, ಅಣಬೆಯೋ ಅಣಬೆ.

ಪೆತ್ರ್ ಜೇಬಿನಿಂದ ಚಾಕು ತೆಗೆದ. ನಾನು ಅವನ ಕೈಗೆ ಫಟ್ ಎಂದು ಒಂದು ಕೊಟ್ಟೆ.

"ಕಬ್ಬಿಣ ಬೇಡ ಅಂದಿಲ್ವೇನಪ್ಪಾ?"

"ಆಂಟಿ, ಕತ್ತರಿಸಿದ್ರೆ ಬೇರು ಒಳಗೇ ಇರುತ್ತೆ. ಮುಂದಿನ ವರ್ಷ ಬರುತ್ತೆ. ನಮ್ಮ ಅಜ್ಜ ಹೇಳಿದ್ದು," ಎಂದ.

"ನಮ್ಮಮ್ಮ ಹೇಳಿದ್ದೂ ಮುಂದಿನ ವರ್ಷಕ್ಕೇ ಕಣಯ್ಯ. ಇದು ನಮ್ಮಮ್ಮನ ಊರು," ಎಂದೆ. ಪಾಪ, ಚಾಕು ಮಡಿಸಿ ಜೇಬಿಗೆ ಹಾಕಿಕೊಂಡ. ಬುಡಕ್ಕೆ ಬೆರಳಿಳಿಸಿ, ಅಲ್ಲಾಡಿಸಿ, ಉದ್ದ ಬೇರಿನ ಸಮೇತ ಮೆಲ್ಲಗೆ ಎಳೆಯುವುದನ್ನು ತೋರಿಸಿದೆ. ಬುಟ್ಟಿ ತುಂಬಿತು.

ತುಂಬಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಅತ್ತಿಗೆ ಅರಿಶಿನದ ನೀರಲ್ಲಿ ಅಣಬೆ ತೊಳೆಯುವಾಗ ಯಾನಾ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. ತನಗೆ ಗುರುತಿಲ್ಲದ ಅಣಬೆಯನ್ನು ಮಗಳಿಗೆ ತಿನ್ನಿಸಕೂಡದು ಎಂಬುದು ಅವಳ ಅಜ್ಜಿ ಹಾಕಿದ ಕಟ್ಟಳೆ. ಒಂದೊಂದನ್ನೂ ತಿರುಗಿಸಿ ನೋಡಿದಳು, ಮೂಸಿದಳು. ಇದನ್ನು ಹೋಲುವ ಕೆಟ್ಟ ಅಣಬೆ ಯಾವುದು, ಬೇರು ಹೇಗಿರಬೇಕು ಎಂದು ನನ್ನನ್ನು ಹಿತ್ತಲಿಗೆ ಕರೆದು ಕೇಳಿದಳು. ಆಮೇಲೆ ಒಳಗೆ ಹೋಗಿ ಅದನ್ನೇ ಅತ್ತಿಗೆಯನ್ನು ಬೇರೆಯಾಗಿ ಕೇಳಿದಳು. ಪೊಲೀಸರು ಕಳ್ಳರನ್ನು ವಿಚಾರಿಸುವುದು ಹೀಗೆಯೇ. ನನಗೆ ಬೇಸರವಾಗಲಿಲ್ಲ, ಮಗಳ ತಟ್ಟೆಯ ಬಗ್ಗೆ ಇಷ್ಟು ಹುಷಾರಾಗಿರುವ ಹೆಂಗಸು ನನಗೆ ಇಷ್ಟ.

"ನಿನ್ ಮಾತೂ ನಂದೂ ಒಂದೇ ಬಂತಂತೆ, ಪಾಸಾದ್ವಿ ಬುಡು," ಎಂದು ಅತ್ತಿಗೆ ನಕ್ಕಳು.

ರಾಗಿಮುದ್ದೆ, ಅಣಬೆ ಸಾರು. ಮೊದಲ ತುತ್ತು ನಾನು ನುಂಗಿದೆ, ಎರಡನೆಯದು ಯಾನಾ. ಲೆಂಕಾ ತಟ್ಟೆಯ ಮುಂದೆ ಕೈಕಟ್ಟಿ ಕೂತು ಅಮ್ಮನ ಮುಖವನ್ನೇ ನೋಡುತ್ತಿದ್ದಳು. ಯಾನಾ ಕಣ್ಣು ಮುಚ್ಚಿ ನಿಧಾನವಾಗಿ ಅಗಿದಳು, ಬೆರಳು ನೆಕ್ಕಿದಳು, ಮಗಳತ್ತ ತಲೆಯಾಡಿಸಿದಳು. ಅಷ್ಟು ಹೊತ್ತಿಗೆ ಪೆತ್ರ್ ಯಾರ ಅಪ್ಪಣೆಗೂ ಕಾಯದೆ ಎರಡನೇ ಸಲ ಸಾರು ಹಾಕಿಸಿಕೊಂಡಿದ್ದ.

ಸಂಜೆಯ ರೈಲು ತಡವಾಗಿ ಬಂತು. ಕಿಟಕಿ ಪಕ್ಕದ ಸೀಟು ಸಿಕ್ಕಿತು. ಮೋಡ ಸರಿದು ಬೆಟ್ಟ ಪೂರ್ತಿ ಕಾಣುತ್ತಿತ್ತು. ಪೆತ್ರ್ ತಮ್ಮ ಭಾಷೆಯಲ್ಲಿ ಯಾನಾಳನ್ನು ಏನೋ ಮೆಲ್ಲಗೆ ಕೇಳಿದ. ಅವಳು ಮಡಿಲಲ್ಲಿದ್ದ ಬುಟ್ಟಿಯ ಅಂಚು ಸವರುತ್ತಾ ಏನೋ ಅಂದಳು. ಅವನು ಜೋರಾಗಿ ನಕ್ಕು ಅವಳ ಭುಜ ತಬ್ಬಿಕೊಂಡ.

"ಏನಂದ್ಲೇ ನಿಮ್ಮಮ್ಮ?" ಎಂದು ಲೆಂಕಾಳ ಕಿವಿಯಲ್ಲಿ ಕೇಳಿದೆ.

"ಕಬ್ಬಿಣ ಮುಟ್ಸಿಲ್ವಲ್ಲ, ಮುಂದಿನ ವರ್ಷ ಅಲ್ಲೇ ಬರುತ್ತಾ ಇಲ್ವಾ ನೋಡ್ಬೇಕು, ನೋಡ್ದೆ ಹೆಂಗ್ ಹೋಗೋದು ಅಂದ್ಲು, ಅಜ್ಜಿ."

ರೈಲು ತಿರುವಿನಲ್ಲಿ ಓರೆಯಾಗಿ ಬೆಟ್ಟ ಹಿಂದಕ್ಕೆ ಸರಿಯಿತು. ಇಡೀ ಬೋಗಿಗೆ ಕೇಳುವ ಹಾಗೆ ಕೂಗಬೇಕು ಅನ್ನಿಸಿತು. ಆದರೆ ಕಂಡ ತಕ್ಷಣ ಕೂಗಬಾರದಲ್ಲ. ಎರಡೂ ಕೈ ಬಾಯಿಗೆ ಅಡ್ಡ ಇಟ್ಟುಕೊಂಡು ಯಲಹಂಕ ಬರುವವರೆಗೆ ಕೂತೆ.