ಲೆಕ್ಕಕ್ಕ ಬರಲಾರದ ಧೂಳು

ನೆಲಕ್ಕ ಹಾಸೋ ಶಹಾಬಾದ್ ಫರ್ಸಿ ಕಲ್ಲನ್ನ ನನ್ನಷ್ಟು ತೆಳ್ಳಗ ಸೀಳಾವ ಇನ್ನೂ ಹುಟ್ಟಿಲ್ಲ. ನಾ ಸೀಳಿದ ಕಲ್ಲಿನ ಆಚಿಂದ ಚಂದ್ರ ಕಾಣ್ತಿದ್ದ! ಮೊನ್ನೆ ಹೆಂಡ್ತೀನ ಕಲಬುರಗಿ ದವಾಖಾನಿಗೆ ಕರಕೊಂಡು ಹೋಗಲಿಕ್ಕ ವಾಡಿಯಾಗ ರೈಲು ಹತ್ತಿದೆ. ಆಕಿ ನನ್ನ ಜೋಡಿ ಖಣಿಯಾಗ ಮೂವತ್ತು ವರ್ಷ ಕಲ್ಲು ಹೊತ್ತಾಕಿ. ಈಗ ಎದಿ ತುಂಬ ಧೂಳು. ಎದುರಿಗೆ ಕುಂತಿದ್ದ ಕಾಲೇಜಿನ ಮಾಸ್ತರು ಪೇಪರ್ ಮಡಚಿ, "ಜಿಡಿಪಿ ಏರ್ಯದ ಕಾಕಾ, ದೇಶ ಭಾಳ ಮುಂದ ಹೊಂಟದ" ಅಂದ್ರು.

"ಅದನ್ನ ಹೆಂಗ ಅಳೀತಾರ್ರಿ?"

"ತಯಾರಾಗಿ ಮಾರಾಟ ಆಗಿದ್ದೆಲ್ಲಾ ಕೂಡಸ್ತಾರ."

"ನನ್ನ ಕಲ್ಲು?"

"ಬರ್ತದ."

"ಈಕಿ ಎದಿಯಾಗಿನ ಧೂಳು?"

"ಅದು ಬರಂಗಿಲ್ಲ. ಅದರ ಔಷಧ, ಡಾಕ್ಟರ್ ಫೀಸು ಬರ್ತದ."

ಹೆಂಡ್ತಿ ಸೆರಗು ಬಾಯಿಗೆ ಹಿಡಿದು ಕೇಳಿದಳು: "ನಾ ಆರಾಮಾಗಿ ಮನಿಯಾಗ ರೊಟ್ಟಿ ಬಡದ್ರ?"

ಮಾಸ್ತರು ಸಣ್ಣ ದನಿಲೆ, "ಅದೂ ಬರಂಗಿಲ್ಲ ಅವ್ವಾ" ಅಂದ್ರು.

"ಹಂಗಾದ್ರ ಕೆಮ್ಮೋದ ಚಲೋ" ಅಂದಳು ಈಕಿ.

ಖಣಿಯಾಗ ಆಕಿ ಬಾಯಿಗೆ ಬಟ್ಟಿ ಕಟ್ಕೋತೀನಿ ಅಂದಾಗ, "ಬಟ್ಟಿ ಯಾಕ, ದಿನಾ ಸಂಜಿಗೆ ಬೆಲ್ಲ ತಿನ್ನು, ಧೂಳು ತಾನ ಇಳೀತದ" ಅಂತ ಶಾಣ್ಯಾತನ ಹೇಳಿದಾವ ನಾನ. ಆ ಬೆಲ್ಲಾನೂ ಲೆಕ್ಕಕ್ಕ ಬಂದಿರಬೇಕು. ದೇಶ ಮುಂದ ತಳ್ಳೋದ್ರಾಗ ನನ್ನ ಮೀರಿಸಾವ ಈ ಸೀಮಿಯಾಗ ಯಾರೂ ಇಲ್ಲ.