ಬಿಟ್ಟು ಬಂದವರ ಹೆಸರು

ಈ ಬೆಳಿಗ್ಗೆ ನಮ್ಮ ಅಂಚೆಪೆಟ್ಟಿಗೆಯಲ್ಲಿ ನಾರ್ಟನ್ ಅವರ ಹೆಸರಿನ ಕಾಗದವೊಂದು ತಪ್ಪಿ ಬಂದು ಬಿದ್ದಿತ್ತು. ನಾರ್ಟನ್ ಇಲ್ಲಿ, ಹ್ಯೂಸ್ಟನ್ನಿಗೆ ಹೊಂದಿಕೊಂಡ ಕೇಟಿ ಊರಿನಲ್ಲಿ, ನಮ್ಮ ಪಕ್ಕದ ಮನೆಯವರಾಗಿದ್ದರು. ಇಲ್ಲಿನ ತೈಲ ಕಂಪನಿಯೊಂದರಲ್ಲಿ ದುಡಿದು ನಿವೃತ್ತರಾದವರು. ತೀರಿಕೊಂಡು ಆರು ವರ್ಷವಾಯಿತು. ಕಾಗದ ಹಿಡಿದು ಒಳಗೆ ಬಂದರೆ ಮೇಜಿನ ಮೇಲೆ ನನ್ನ ಅಮೆರಿಕದ ಪೌರತ್ವದ ಅರ್ಜಿ. ಹೆಸರು ಬದಲಿಸಿಕೊಳ್ಳುತ್ತೀರಾ ಎಂಬ ಪ್ರಶ್ನೆಯೊಂದಕ್ಕೆ ಮಾತ್ರ ಉತ್ತರ ಬಾಕಿಯಿತ್ತು.

ನನ್ನ ಅಡ್ಡಹೆಸರು ಹಾರೋಬೆಳವಡಿ. ಇದನ್ನು ಹೇಳಹೊರಟ ಅಮೆರಿಕನ್ನರ ಮುಖ ನೋಡಿದರೆ ನಿಮಗೂ ಅಯ್ಯೋ ಪಾಪ ಎನಿಸೀತು. ಹೆಂಡತಿಯ ತೀರ್ಪು ಎಂದೋ ಆಗಿದೆ: “ಬರೇ ‘ಹಾರೋ’ ಅಂತ ಮಾಡ್ಕೊಳ್ರಿ. ದವಾಖಾನ್ಯಾಗ ಹೆಸರು ಕೂಗೋ ಹುಡಿಗೀದರೆ ಪುಣ್ಯಾ ಕಟ್ಕೊಳ್ರಿ.” ನಾನೂ ಹೂಂ ಎಂದಿದ್ದೆ.

ಹಿಂದೊಮ್ಮೆ, ಒಂದು ಸಂಜೆ ಬೇಲಿಯಾಚೆ ಒಲೆಯ ಮೇಲೆ ಮಾಂಸ ಸುಡುತ್ತಿದ್ದ ನಾರ್ಟನ್ ನನ್ನ ಹೆಸರಿನ ಅರ್ಥ ಕೇಳಿದ್ದರು. ಊರ ಹೆಸರು ಎಂದೆ, ಸ್ವಲ್ಪ ನಾಚಿಕೊಂಡೇ. ಅವರು ಇಕ್ಕಳ ಕೆಳಗಿಟ್ಟರು.

“ನನ್ನದೂ ಊರೇ! ನಾರ್ಟನ್ ಅಂದರೆ ಬಡಗಣ ಊರು.”

ಅದನ್ನು ಹುಡುಕಿಕೊಂಡು ಇಂಗ್ಲೆಂಡಿಗೂ ಹೋಗಿದ್ದರಂತೆ. ಅಲ್ಲಿ ನೋಡಿದರೆ ನಾರ್ಟನ್‌ಗಳು ಒಂದಲ್ಲ, ಹತ್ತಾರು. ತಮ್ಮವರದು ಯಾವುದೆಂದು ಹೇಳುವವರೇ ಇಲ್ಲ. ಸಿಕ್ಕಿದ ಒಂದರಲ್ಲಿ ಇಳಿದು, ಟೋಪಿ ತೆಗೆದು, ಸುಮ್ಮನೆ ನಿಂತು ಬಂದರಂತೆ.

“ಊರಲ್ಲೇ ಇದ್ದವನನ್ನು ಯಾರೂ ಊರ ಹೆಸರಿನಿಂದ ಕರೆಯುವುದಿಲ್ಲ,” ಎಂದರು. “ಎದ್ದು ಹೋದವನಿಗೇ ಬೇರೆಯವರು ಆ ಹೆಸರು ಹಚ್ಚುತ್ತಾರೆ. ನಮ್ಮವನು ಯಾರೋ ಒಬ್ಬ, ಯಾವತ್ತೋ ಎದ್ದು ನಡೆದಿದ್ದಾನೆ.”

ನಾನು ಆ ಎದ್ದು ನಡೆದವನನ್ನೇ ಯೋಚಿಸತೊಡಗಿದೆ. ಹಸಿವಿಗೆ ಹೋದನೋ, ಜಗಳವಾಡಿ ಹೋದನೋ, ಹುಡುಗಿಯೊಬ್ಬಳ ಹಿಂದೆ ಹೋದನೋ. ಅವನ ಸ್ವಂತ ಹೆಸರೂ ಉಳಿಯಲಿಲ್ಲ. ಅವನು ಬಿಟ್ಟ ಊರು ಮಾತ್ರ ಇಷ್ಟು ತಲೆಮಾರು ಬೆನ್ನು ಬಿಡದೆ, ಕಡಲು ದಾಟಿ, ಹ್ಯೂಸ್ಟನ್ನಿನ ಸೆಕೆಯಲ್ಲಿ ಬೆವರುತ್ತ ನನ್ನೆದುರು ನಿಂತಿತ್ತು. ನಮ್ಮಲ್ಲೂ ಹಾಗೆ ಹೊರಟವನೊಬ್ಬ ಇದ್ದಿರಲೇಬೇಕು. ಅವನು ಯಾರೆಂದು ನಮ್ಮಪ್ಪನಿಗೂ ಗೊತ್ತಿರಲಿಲ್ಲ.

ನಾಚಿಕೆಯ ಮಾತೊಂದನ್ನು ನಿಮ್ಮಲ್ಲಿ ಹೇಳಿಬಿಡುತ್ತೇನೆ. ಧಾರವಾಡದ ನಮ್ಮ ಮನೆಯಿಂದ ಹಾರೋಬೆಳವಡಿ ಒಂದು ತಾಸಿನ ದಾರಿಯೂ ಅಲ್ಲ. ನಾನು ಒಮ್ಮೆಯೂ ಹೋಗಿಲ್ಲ.

ಈ ಬೆಳಿಗ್ಗೆ ಅರ್ಜಿಯ ಆ ಪ್ರಶ್ನೆಗೆ ‘ಇಲ್ಲ’ ಎಂದು ಗುರುತು ಹಾಕಿದೆ. ಹೆಂಡತಿಗೆ, “ಡಿಸೆಂಬರ್‌ದಾಗ ಧಾರವಾಡಕ್ಕ ಹೋದಾಗ ಮೊದಲ ಹಾರೋಬೆಳವಡಿಗೆ ಹೋಗೂಣು,” ಎಂದೆ.

“ಅಲ್ಲಿ ಯಾರದಾರ್ರೀ ನಮಗ?”

“ಯಾರೂ ಇಲ್ಲ. ಹೋದವರು ಬಂದೇವಿ ಅಂತ ಹೇಳಿ ಬರೂಣು.”