ಮಹಡಿ ಮನೆಯ ಬೇಸ್ ಗಿಟಾರ್

ಅವರ ಎಡಗೈ ಬೆರಳ ತುದಿಗಳು ಜಡ್ಡುಗಟ್ಟಿದ್ದವು. ಸುಡುವ ಚಹಾದ ಸ್ಟೀಲ್ ಲೋಟವನ್ನು ಬರಿಗೈಯಲ್ಲಿ ಹಿಡಿದು ಆರಾಮಾಗಿ ಮಾತಾಡುತ್ತಾ ನಿಲ್ಲುತ್ತಿದ್ದರು.

ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯಲ್ಲಿ ನಾನು ಬಾಡಿಗೆಗಿದ್ದ ಮನೆಯ ಮಾಲೀಕರು ಅವರು. ವರ್ಗವಾಗಿ ಬಂದ ಶಿಕ್ಷಕಿ ನಾನು, ಕೆಳಗೆ ಒಬ್ಬಳೇ. ಹೆಂಡತಿ ತೀರಿಕೊಂಡ ಮೇಲೆ ಅವರು ಮಹಡಿಯಲ್ಲಿ ಒಬ್ಬರೇ. ಹಿಂದೆ ಮದುವೆ ಆರ್ಕೆಸ್ಟ್ರಾದಲ್ಲಿ ಹಾಡಿನ ಕೆಳಗೆ ತಗ್ಗು ಸ್ವರ ಹಿಡಿಯುವ ಬೇಸ್ ಗಿಟಾರ್ ನುಡಿಸುತ್ತಿದ್ದರಂತೆ. ತಂಡ ಚದುರಿಹೋಗಿ, ಅಗ್ಗದ ಆ ನಾಲ್ಕು ತಂತಿಯ ಗಿಟಾರ್ ಮಾತ್ರ ಉಳಿದಿತ್ತು. ಅದನ್ನು ಬಿಚ್ಚುವುದು, ಮತ್ತೆ ಜೋಡಿಸುವುದು, ಇದೇ ಅವರ ಕೆಲಸ. ಒಂದು ವರ್ಷ ಬಿರಡೆಗಳನ್ನು ಬದಲಿಸಿದರು. ಇನ್ನೊಂದು ವರ್ಷ ಬಣ್ಣವನ್ನೆಲ್ಲ ಉಜ್ಜಿ ತೆಗೆದು ಮರವನ್ನು ಬರಿಮೈ ಮಾಡಿದರು. ಆಮೇಲೆ ಕುತ್ತಿಗೆಯ ಮೇಲಿನ ಲೋಹದ ಪಟ್ಟಿಗಳನ್ನೂ ಕಿತ್ತು, ಸಂದುಗಳಿಗೆ ಮರದ ಪುಡಿ, ಅಂಟು ತುಂಬಿದರು.

"ಇನ್ನೂ ಏನು ಸರಿ ಮಾಡೋದಿದೆ ಸರ್?" ಎಂದು ಕೇಳಿದೆ.

"ಎಲ್ಲಾ ಸರೀನೇ ಐತ್ರಿ ಮೇಡಂ. ಬೇಸ್ ಒಬ್ರೇ ಕುಂತು ನುಡ್ಸೋದಲ್ಲ. ಜತಿಗೆ ಯಾರೂ ಇಲ್ಲಲ್ಲ, ಅದ್ಕೇ ಬಿಚ್ಚಿ ಕಟ್ತಾ ಕೂರ್ತೀನಿ."

ಒಮ್ಮೆ ಹರಿಹರದ ಆರತಕ್ಷತೆಯೊಂದಕ್ಕೆ ಹಳೆಯ ಗೆಳೆಯರೊಬ್ಬರು ಅವರನ್ನು ನುಡಿಸಲು ಕರೆದರು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಟರು. ನನ್ನನ್ನೂ ಕರೆದೊಯ್ದರು. ವೇದಿಕೆಯ ಮೇಲೆ ಕೀಬೋರ್ಡಿನವನು, "ಬೇಸು ಇದ್ರಾಗೇ ಬರ್ತೈತೆ ಅಂಕಲ್, ನೀವು ಹಂಗೇ ನಿಂತ್ಕಳ್ರಿ" ಎಂದ. ಅವರ ವೈರನ್ನು ಯಾರೂ ಸ್ಪೀಕರಿಗೆ ಜೋಡಿಸಲಿಲ್ಲ. ಇಳಿದು ಬಂದಾರೆಂದು ಕಾದೆ. ಬರಲಿಲ್ಲ. ಕಣ್ಣು ಮುಚ್ಚಿ, ಪ್ರತಿ ಹಾಡಿಗೂ, ಒಂದು ಸ್ವರವನ್ನೂ ಬಿಡದೆ, ಯಾರಿಗೂ ಕೇಳಿಸದಂತೆ ನುಡಿಸಿದರು.

ಬಸ್ಸಿನಲ್ಲಿ ಮರಳುವಾಗ ಅವರೇ ಅಂದರು: "ಬ್ಯಾಸ್ರ ಮಾಡ್ಕಬ್ಯಾಡ್ರಿ. ನಂಗೆ ಕೇಳ್ತಿತ್ತು."

ಮರುದಿನ ಸಂಜೆ ಮಹಡಿ ಹತ್ತಿದೆ. "ನಂಗೆ ಹಾಡೋಕೆ ಬರಲ್ಲ ಸರ್. ಆದ್ರೂ ಹಾಡ್ತೀನಿ" ಎಂದೆ. ಗಂಡನ ಮನೆ ಬಿಟ್ಟು ಬಂದ ಮೇಲೆ ನನ್ನ ದನಿ ಹೊರಡುತ್ತಿದ್ದದ್ದು ಪಾಠಕ್ಕೆ ಮಾತ್ರ. ಅಮ್ಮ ಕಲಿಸಿದ್ದ ಬೀಸುವ ಹಾಡನ್ನು ಎತ್ತಿಕೊಂಡೆ. ಅವರು ಗಿಟಾರ್ ಹಿಡಿದು ಜತೆಗೂಡಿದರು. ಮೊದಲ ಸಾಲಿಗೇ ಶ್ರುತಿ ತಪ್ಪಿತು. ಅವರು ನುಡಿಸುವುದನ್ನು ನಿಲ್ಲಿಸಲಿಲ್ಲ.

"ತಪ್ಪಿದ್ರೆ ತಪ್ಲಿ, ಹಾಡ್ರಿ. ಕೆಳಗೆ ನಾ ಇರ್ತೀನಿ."

ಆಮೇಲೆ ಎಷ್ಟೋ ಸಂಜೆಗಳು ಹಾಗೆಯೇ ಕಳೆದವು. ಗಿಟಾರನ್ನು ಬಿಚ್ಚುವುದನ್ನು ಅವರು ಬಿಟ್ಟೇಬಿಟ್ಟರು.

ಕಳೆದ ಚಳಿಗಾಲದಲ್ಲಿ ಎದೆನೋವು ಬಂದು ಹೊರಟುಹೋದರು. ಗಿಟಾರನ್ನು ಅವರ ತಮ್ಮ ಒಯ್ದರು. ನಾನು ಕೇಳಲಿಲ್ಲ, ನನಗದು ನುಡಿಸಲು ಬಾರದು. ಈಗಲೂ ಅಡುಗೆ ಮಾಡುತ್ತಾ ಹಾಡುತ್ತೇನೆ. ಸಾಲು ಮುಗಿದಲ್ಲಿ ಅವರ ಸ್ವರಕ್ಕೆಂದು ತುಸು ಜಾಗ ಬಿಡುತ್ತೇನೆ. ಅದು ಬರುವುದಿಲ್ಲ. ಮುಂದಿನ ಸಾಲು ಹಾಡುತ್ತೇನೆ.